ಅಮ್ಮನನ್ನು ಮಲಗಿಸಿ ಬಂದೆ

ಎಪೆರ್ನೇ
3 ನವೆಂಬರ್ 1982

ಆರು ಕಿಲೋಮೀಟರ್ ಸುಣ್ಣಕಲ್ಲಿನ ಪಾತಾಳಕ್ಕೆ ಅಧಿಪತಿಯೂ, ಎಂಟು ಲಕ್ಷ ಶಾಂಪೇನ್ ಬಾಟಲಿಗಳ ಏಕಮಾತ್ರ ಸೋಮಾರಿ ಕಾವಲುಗಾರನೂ, ಇಪ್ಪತ್ತಮೂರು ತುಂಬಿದರೂ ಬುದ್ಧಿ ಬಾರದವನೂ ಆದ ತಿಬೋ ವೆರ್ನೊಲಾಕ್, ಪೊಯ್ಯಾಕಿನ ಕೆಂಪು ವೈನಿನ ಮಹಾರಾಣಿಯಾದ ಅಕ್ಕ ಇಜಾಲಿನಳ ಸನ್ನಿಧಿಗೆ ಬಿನ್ನವಿಸಿಕೊಳ್ಳುವುದೇನೆಂದರೆ: ಇಲ್ಲಿ ಬಾಟಲಿಗಳೆಲ್ಲ ಕ್ಷೇಮ. ಮನುಷ್ಯರ ಸುದ್ದಿ ಕೆಳಗೆ ಸರದಿಯ ಪ್ರಕಾರ ಬರುತ್ತದೆ, ನೂಕಾಡಬೇಡ.

ಫೆಬ್ರವರಿಯಲ್ಲಿ ಸರ್ಕಾರ ನಮ್ಮ ಬ್ಯಾಂಕನ್ನು ತೆಗೆದುಕೊಂಡ ಮೇಲೆ ಅಪ್ಪ ಪ್ಯಾರಿಸ್ ಬಿಟ್ಟು ಇಲ್ಲಿಗೇ ಬಂದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇಷ್ಟು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕಪ್ಪು ಕೋಟು ತೊಟ್ಟು, ನೆಲಮಾಳಿಗೆಯ ಮೇಲಿನ ಕೋಣೆಗೆ ಹೋಗಿ, ಖಾಲಿ ಮೇಜಿನ ಮುಂದೆ ಕೂರುತ್ತಾರೆ. ಹನ್ನೆರಡೂವರೆಗೆ ಊಟ. ಮತ್ತೆ ಐದರವರೆಗೆ ಮೇಜು. ಮನೆಯ ಫೋನನ್ನೂ ತೆಗೆಸಿಹಾಕಿದ್ದಾರೆ. ಬ್ಯಾಂಕಿಲ್ಲದವನಿಗೆ ಯಾರು ಫೋನ್ ಮಾಡುತ್ತಾರೆ ಎನ್ನುತ್ತಾರೆ. ನಿನ್ನೆ ಸಂಜೆ ಸೂಪು ಬಡಿಸುತ್ತಾ ಕೇಳಿದೆ.

“ಇವತ್ತು ಆಫೀಸಲ್ಲಿ ಏನು ವಿಶೇಷ ಅಪ್ಪ?”

“ಕಿಟಕಿ ಹತ್ರ ಒಂದು ನೊಣ ಇತ್ತು.”

“ಏನಂತೆ ಅದಕ್ಕೆ?”

“ಆಚೆ ಹೋಗ್ಬೇಕಂತೆ. ದಾರಿ ಗೊತ್ತಿಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನಾನೂ ನಿಲ್ಲಿಸಿದೆ.

ಮುತ್ತಜ್ಜ ಬ್ಯಾಂಕಿನ ಗಿರಾಕಿಗಳ ಊಟಕ್ಕೆ ಕೆಂಪು ಬೇಕೆಂದು ನಿನ್ನ ತೋಟ ಕೊಂಡ, ಊಟಕ್ಕೆ ಮೊದಲು ನೊರೆ ಬೇಕೆಂದು ಈ ಮನೆ ಕೊಂಡ. ಈಗ ಬ್ಯಾಂಕೂ ಇಲ್ಲ, ಗಿರಾಕಿಗಳೂ ಇಲ್ಲ. ಊಟ ಎದ್ದುಹೋಗಿ ಕುಡಿಯುವುದಷ್ಟೇ ಮೇಜಿನ ಮೇಲೆ ಉಳಿದ ವಂಶ ನಮ್ಮದು. ಅಂಥದ್ದರಲ್ಲಿ ನೀನು ಬೋರ್ದೋ ರೇಡಿಯೋದಲ್ಲಿ ಕೂತು “ಬ್ಯಾಂಕು ಹೋದರೆ ಹೋಗಲಿ, ದ್ರಾಕ್ಷಿ ಉಳಿದರೆ ಸಾಕು” ಎಂದು ಅಪ್ಪಣೆ ಕೊಡಿಸಿದೆಯಲ್ಲ, ಅದನ್ನು ಅಪ್ಪ ಕಾರಿನಲ್ಲಿ ಕೇಳಿದರು. ಅಂದಿನಿಂದ ನಿನ್ನ ಹೆಸರು ಈ ಮನೆಯಲ್ಲಿ ಉಪವಾಸವಿದೆ. ಉಪವಾಸ ಒಂದು ದಿನ ಮುರಿದೇ ಮುರಿಯುತ್ತದೆ, ಯೋಚಿಸಬೇಡ.

ಕೊನೆಯದಾಗಿ ಒಂದು ಶೋಕವಾರ್ತೆ. ಹತ್ತನೇ ಸುರಂಗದಲ್ಲಿ ಅಮ್ಮನ 1959ರ ಬಾಟಲಿಗಳು, ಒಟ್ಟು ಇನ್ನೂರ ಹನ್ನೊಂದು, ಮೂತಿ ಕೆಳಗೆ ಮಾಡಿ ತಲೆಯ ಮೇಲೆ ನಿಂತಿವೆ. ಕಾರಣ: ಬ್ಯಾಂಕು ಸರ್ಕಾರದ ಪಾಲಾದ ದಿನ ನೆಲಮಾಳಿಗೆಯ ಮೇಸ್ತ್ರಿ ಒಲೋಜ್ ತಾತನೂ ಕಾರ್ಮಿಕ ಸಂಘದ ಸಮಸ್ತ ಪರಿವಾರವೂ ಸಭೆ ಸೇರಿ, ಬಂಡವಾಳಗಾರರ ಪಾಪಕ್ಕೆ ಅವರ ಬಾಟಲಿಗಳು ತಲೆಕೆಳಗಾಗಿ ನಿಲ್ಲತಕ್ಕದ್ದೆಂದು ತೀರ್ಪು ಕೊಟ್ಟರು. ಎತ್ತಿ ಮಲಗಿಸಲು ಅಪ್ಪನಿಗೆ ತ್ರಾಣವಿಲ್ಲ, ನನಗೆ ಪುರುಸೊತ್ತಿಲ್ಲ. ಪಾಪ, ಅಮ್ಮನ ವೈನು ನಿಂತೇ ಇದೆ.

ಇತಿ ಪಾತಾಳಾಧಿಪತಿ
ತಿಬೋ


ಪೊಯ್ಯಾಕ್
16 ನವೆಂಬರ್ 1982

ತಿಬೋ,

ನಿನ್ನ ಬಿರುದುಗಳನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿತು. ಅಪ್ಪ ಊಟ ಸರಿಯಾಗಿ ಮಾಡುತ್ತಾರೆಯೇ, ಮಲಗುತ್ತಾರೆಯೇ, ಒಂದೂ ಬರೆದಿಲ್ಲ. ನೊಣದ ಸಮಾಚಾರ ಮಾತ್ರ ಸವಿವರವಾಗಿದೆ.

ರೇಡಿಯೋದವನು ಕೇಳಿದಾಗ ನಾನು ಹಾಗೆ ಹೇಳಿದ್ದು ನಿಜ. ಮುಂದಿನ ಮಾತು “ಅಪ್ಪನ ಹೆಗಲು ಹಗುರಾಗುತ್ತದೆ” ಎಂದಿತ್ತು. ಅದನ್ನು ಅವರು ಪ್ರಸಾರ ಮಾಡಲಿಲ್ಲ. ಅಪ್ಪನಿಗೆ ನಾಲ್ಕು ಕಾಗದ ಬರೆದು ಇದನ್ನೇ ಹೇಳಿದೆ. ನಾಲ್ಕೂ ತೆರೆಯದೆ ಹಿಂದಿರುಗಿದವು. ಲಕೋಟೆಯ ಮೇಲೆ ಅವರದೇ ಅಕ್ಷರದಲ್ಲಿ ನನ್ನ ವಿಳಾಸ ಇತ್ತು. ಅಷ್ಟಾದರೂ ಬರೆದರಲ್ಲ ಎಂದು ಅವನ್ನು ಎತ್ತಿಟ್ಟುಕೊಂಡಿದ್ದೇನೆ.

ಬಾಟಲಿಗಳ ವಿಷಯ ನಿಜವೇ? ಇದರಲ್ಲಿ ತಮಾಷೆ ಬೇಡ. 1960ರ ವಸಂತದಲ್ಲಿ ಅಮ್ಮ ಆ ವೈನನ್ನು ತಾನೇ ಕೂಡಿಸಿ ಬಾಟಲಿಗೆ ತುಂಬಿಸಿದಾಗ ನನಗೆ ಎಂಟು ವರ್ಷ. ಕೈ ಹಿಡಿದು ಹತ್ತನೇ ಸುರಂಗಕ್ಕೆ ಕರೆದುಕೊಂಡು ಹೋಗಿದ್ದಳು. ಮರದ ಪಟ್ಟಿಗಳ ಮೇಲೆ ಬಾಟಲಿಗಳೆಲ್ಲ ಸಾಲಾಗಿ ಅಡ್ಡಡ್ಡ ಮಲಗಿದ್ದವು. “ಶ್, ಮೆಲ್ಲಗೆ ಮಾತಾಡು, ನಿದ್ದೆ ಮಾಡ್ತಿವೆ” ಎಂದಳು. ಆ ಶರತ್ಕಾಲದಲ್ಲೇ ಅವಳು ಹೋದಳು, ನನ್ನನ್ನು ಒಂದು ಪೆಟ್ಟಿಗೆಯ ಜೊತೆ ಅಜ್ಜಿಯ ಹತ್ತಿರ ಇಲ್ಲಿಗೆ ಕಳಿಸಿದರು. ನೀನು ಆಗ ಕೂಸು. ನಿನಗೆ ಅಮ್ಮನ ನೆನಪು ಒಂದೂ ಇಲ್ಲ, ನನಗಿರುವುದು ಈ ಥರದ ನಾಲ್ಕೈದು. ಅದರಲ್ಲೊಂದನ್ನು ಯಾರೋ ತಲೆಕೆಳಗೆ ಮಾಡಿಟ್ಟಿದ್ದಾರೆಂದರೆ ನನಗೆ ನಗು ಬರುವುದಿಲ್ಲ.

ನಮ್ಮ ಪೊಯ್ಯಾಕಿನಲ್ಲಿ ಬಾಟಲಿ ನಿಲ್ಲಿಸಿದವನನ್ನು ಎರಡನೇ ಸಲ ನೆಲಮಾಳಿಗೆಗೆ ಬಿಡುವುದಿಲ್ಲ. ದಯವಿಟ್ಟು ಎತ್ತಿ ಮಲಗಿಸು.

ಇಜಾಲಿನ್


ಎಪೆರ್ನೇ
9 ಜನವರಿ 1983

ಮಹಾರಾಣಿಯವರಿಗೆ,

ತಮ್ಮ ಅರ್ಜಿ ತಲುಪಿತು. ಶಿಕ್ಷೆಯ ಅವಧಿ ಇನ್ನೂ ಮುಗಿಯದ ಕಾರಣ ಬಾಟಲಿಗಳನ್ನು ಮಲಗಿಸಲು ಬರುವುದಿಲ್ಲವೆಂದು ಸಂಘದ ನ್ಯಾಯಪೀಠ ತಿಳಿಸಿದೆ. ಮೇಲ್ಮನವಿ ಒಲೋಜ್ ತಾತನ ಸೊಂಟ ನೋವು ವಾಸಿಯಾದ ಮೇಲೆ ವಿಚಾರಣೆಗೆ ಬರುತ್ತದೆ. ತಾತ ಎರಡು ವಾರದಿಂದ ಮನೆಯಲ್ಲಿ ಹಾಸಿಗೆ ಹಿಡಿದು, ಹೆಂಡತಿಯನ್ನೂ ಹವಾಮಾನವನ್ನೂ ಬೈಯುತ್ತಾ ಬಿದ್ದುಕೊಂಡಿದ್ದಾನೆ.

ಈಗ ಕುರ್ಚಿಯ ಮೇಲೆ ನೆಟ್ಟಗೆ ಕೂತು ಓದು.

ಪ್ರತಿ ವರ್ಷ ಮಾರ್ಚ್ ಹನ್ನೆರಡಕ್ಕೆ, ಅಮ್ಮ ಹುಟ್ಟಿದ ದಿನ, ಅಪ್ಪ ಕೆಳಗಿಳಿದು ಅವಳ ವೈನಿನ ಒಂದು ಬಾಟಲಿ ತೆರೆಯುತ್ತಾರೆ. ತಾನೇ ತೆರೆಯಬೇಕು, ಅಲ್ಲೇ ನಿಂತು ಕುಡಿಯಬೇಕು. ಎರಡು ಗ್ಲಾಸು: ತನಗೊಂದು, ಅವಳಿಗೊಂದು. ನನ್ನ ಪಾಲು ಅಮ್ಮನ ಗ್ಲಾಸಿನಲ್ಲಿ ಉಳಿದದ್ದು. ಅದು ಯಾವಾಗಲೂ ಪೂರ್ತಿ ಉಳಿಯುತ್ತದೆ, ಹಾಗಾಗಿ ದೂರಿಲ್ಲ. ಅವಳ ರುಚಿ ಏನು ಎನ್ನುವುದು ನನಗೆ ಗೊತ್ತಿರುವುದು ಅಷ್ಟರಿಂದಲೇ. ಮೊನ್ನೆ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು.

“ಹನ್ನೆರಡಕ್ಕೆ ಎಷ್ಟು ಗ್ಲಾಸ್ ತೊಳೀತೀಯ?”

“ಯಾವಾಗ್ಲೂ ಎರಡಲ್ವಾ?”

“ಮೂರು ತೊಳಿ.”

“ಕೊನೆಗೂ ನನ್ನ ಮೇಲೆ ದಯೆ ಬಂತಾ?”

“ನಿನಗಲ್ಲ, ಕತ್ತೆ.”

ಇಷ್ಟು ಹೇಳಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಹಿಂದಿನ ದಿನದ್ದು. ಅಕ್ಕ, ಮೂರನೆಯದು ಯಾರಿಗೆಂದು ನಾನು ಬಿಡಿಸಿ ಹೇಳಬೇಕಾ? ಮಾರ್ಚ್ ಹನ್ನೆರಡು, ಶನಿವಾರ. ಬಾ.

ಈ 24ರಿಂದ ಐದು ದಿನ ಅಪ್ಪ, ನಾನು ಇಬ್ಬರೂ ಪ್ಯಾರಿಸಿನಲ್ಲಿರುತ್ತೇವೆ. ಬ್ಯಾಂಕಿನ ಹಳೆಯ ಕಾಗದಗಳಿಗೆ ಸಹಿ ಬೇಕಂತೆ. ಅಪ್ಪನಿಗೆ ಸ್ವಲ್ಪ ಕೆಮ್ಮು, ಬೇರೇನಿಲ್ಲ.

ಗ್ಲಾಸು ತೊಳೆಯುವ ಖಾತೆಯ ಮಂತ್ರಿ
ತಿಬೋ


ಪೊಯ್ಯಾಕ್
31 ಜನವರಿ 1983

ತಿಬೋ, ನನ್ನ ಮುದ್ದು ಕತ್ತೆ,

ಬೈಯಬೇಡ. ನಾನು ಬಂದು ಹೋದೆ.

ಮೂರನೇ ಗ್ಲಾಸಿನ ಸುದ್ದಿ ಓದಿದ ದಿನದಿಂದ ಒಂದು ಕಡೆ ಕೂರಲಾಗಲಿಲ್ಲ. ಬರಿಗೈಯಲ್ಲಿ ಹೋಗಿ ಅವರೆದುರು ಹೇಗೆ ನಿಲ್ಲಲಿ? ಏನಾದರೂ ಒಯ್ಯಬೇಕು. ನಮ್ಮ ತೋಟದ ವೈನು ಅಪ್ಪನಿಗೆ ಹೊಸದಲ್ಲ. ಆಗ ಹೊಳೆಯಿತು. ನೀವಿಬ್ಬರೂ ಪ್ಯಾರಿಸಿನಲ್ಲಿ, ತಾತ ಹಾಸಿಗೆಯಲ್ಲಿ. 25ರ ಬೆಳಿಗ್ಗೆ ರೈಲು ಹತ್ತಿದೆ.

ಬೀಗದ ಕೈಯನ್ನು ಕಾವಲಿನವನ ಹೆಂಡತಿ ಕೊಟ್ಟಳು. “ಅಮ್ಮನ ಹಾಗೇ ಆಗಿದೀಯಲ್ಲೇ” ಎಂದು ಅತ್ತಳು. ಅವಳಿಂದ ಯಾರಿಗೂ ಹೇಳುವುದಿಲ್ಲವೆಂದು ಬೈಬಲ್ಲಿನ ಮೇಲೆ ಆಣೆ ಮಾಡಿಸಿಕೊಂಡೆ. ಹತ್ತನೇ ಸುರಂಗ ನೋಡಿದ ಕೂಡಲೇ ನನಗೂ ಅಳು ಬಂತು. ನೀನು ಬರೆದದ್ದು ನಿಜವಿತ್ತು. ಒಂದರ ಬೆನ್ನ ಮೇಲೊಂದು, ಎಲ್ಲವೂ ತಲೆಯ ಮೇಲೆ ನಿಂತಿದ್ದವು. ಮೇಲೆ ಧೂಳು ಎರಡು ಬೆರಳು ದಪ್ಪ.

ಎರಡು ದಿನ ಹಿಡಿಯಿತು. ಖಾಲಿ ಸುರಂಗದಿಂದ ಮರದ ಪಟ್ಟಿಗಳನ್ನು ತಂದು ಹಾಸಿದೆ. ಒಂದೊಂದನ್ನೇ ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಅಡ್ಡಡ್ಡ ಮಲಗಿಸಿದೆ. ನಿಲ್ಲಿಸಿದ್ದರಿಂದ ಬಿರಡೆಯ ಹತ್ತಿರ ಕಂದು ಗಸಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಷ್ಟು ನೋವಾಯಿತೆಂದರೆ, ಪ್ರತಿಯೊಂದನ್ನೂ ಮೆಲ್ಲಗೆ ಅಲುಗಿಸಿ ಅದನ್ನು ಬಿಡಿಸಿ, ಆಮೇಲೆ ಮಲಗಿಸಿದೆ. ಕೈಯೆಲ್ಲ ಬಿರಿದಿದೆ. ಕೊನೆಯ ಸಾಲು ಮುಗಿದಾಗ ಥೇಟ್ ಅವತ್ತಿನ ಹಾಗೇ ಕಂಡಿತು. ನಾನೂ “ಶ್” ಎಂದೆ, ಒಬ್ಬಳೇ ನಿಂತು.

ಅಮ್ಮನನ್ನು ಮಲಗಿಸಿ ಬಂದೆ, ತಿಬೋ. ಇಪ್ಪತ್ತೆರಡು ವರ್ಷದಲ್ಲಿ ಅವಳಿಗಾಗಿ ಮಾಡಿದ ಒಂದೇ ಕೆಲಸ. ಅಪ್ಪನಿಗೆ ಹೇಳಬೇಡ. ಹನ್ನೆರಡನೇ ತಾರೀಖು ಕೆಳಗಿಳಿದಾಗ ಅವರೇ ನೋಡಲಿ.

ನಿನ್ನ
ಇಜಾ


ಎಪೆರ್ನೇ
5 ಫೆಬ್ರವರಿ 1983

ಅಕ್ಕ,

ನಾನು ಬರೆದದ್ದು ತಮಾಷೆ. ತಾತ ಅವನ್ನು ನಿಲ್ಲಿಸಿದ್ದು ಕಳೆದ ವರ್ಷವಲ್ಲ, ಹದಿನೈದು ವರ್ಷದ ಹಿಂದೆ, ಅಪ್ಪ ಹೇಳಿದ್ದಕ್ಕೆ. ನಮ್ಮ ವೈನು ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ, ಅದರ ಗಸಿ ಒಳಗೇ ಉಳಿಯುತ್ತದೆ. ಮೊದಲು ಕೆಲವು ವರ್ಷ ಮಲಗಿಸುತ್ತೇವೆ. ನೀನು ಅಮ್ಮನ ಕೈ ಹಿಡಿದು ನೋಡಿದ್ದು ಅದು. ಆಮೇಲೆ ದಿನಕ್ಕಿಷ್ಟಿಷ್ಟೇ ತಿರುಗಿಸುತ್ತಾ, ತಿಂಗಳುಗಟ್ಟಲೆ, ಗಸಿಯೆಲ್ಲ ಬಿರಡೆಯ ಮೇಲೆ ಇಳಿದು ಕೂರುವ ಹಾಗೆ ತಲೆಕೆಳಗೆ ಮಾಡುತ್ತೇವೆ. ತೆರೆಯುವಾಗ ಬಿರಡೆಯ ಜೊತೆ ಗಸಿ ಹಾರಿಹೋಗುತ್ತದೆ, ಉಳಿದದ್ದು ಕನ್ನಡಿಯಂಥ ವೈನು. ಹಾಗೆ ನಿಲ್ಲಿಸಿಟ್ಟರೆ ಐವತ್ತು ವರ್ಷವೂ ಎಳೆಯದಾಗಿರುತ್ತದೆ. ಇದು ಶಾಂಪೇನ್ ಮಾಡುವವರ ಮನೆಯ ನಾಯಿಗೂ ಗೊತ್ತು. ನಿನಗೂ ಗೊತ್ತಿರುತ್ತದೆ, ಓದಿ ನಗುತ್ತೀ ಎಂದುಕೊಂಡಿದ್ದೆ. ನಿನ್ನನ್ನು ಎಂಟನೇ ವರ್ಷಕ್ಕೇ ಕೆಂಪು ವೈನಿನ ನಾಡಿಗೆ ಕಳಿಸಿದರೆನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ನಿನ್ನ ಕಾಗದ ಬಂದ ತಕ್ಷಣ ತಾತನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಕೆಳಗಿಳಿದೆ. ಒಂದು ಬಾಟಲಿಯನ್ನು ದೀಪಕ್ಕೆ ಹಿಡಿದ. ಒಳಗೆ ಹೊಗೆ ತುಂಬಿದ ಹಾಗಿತ್ತು.

“ಮತ್ತೆ ತಿರುಗಿಸಿದ್ರೆ ಇಳಿಯಲ್ವಾ ತಾತ?”

“ಇಳಿಯತ್ತೆ. ಇಷ್ಟು ಹಳೇದು ಹಿಟ್ಟಿನ ಥರ, ತೇಲ್ತಾನೇ ಇರತ್ತೆ. ಒಂದೂವರೆ ವರ್ಷ ಹಿಡೀಬಹುದು.”

“ಅಷ್ಟು ದಿನ ಇಲ್ಲ.”

“ಯಾಕಿಲ್ಲ? ವೈನಿಗೇನು ರೈಲು ತಪ್ಪತ್ತಾ?” ಎಂದವನು ನನ್ನ ಮುಖ ನೋಡಿದ. ಆಮೇಲೆ ಕೇಳಿದ, “ಯಾರೋ ಇದನ್ನ ಮಾಡಿದ್ದು?”

“ನಾನೇ.”

“ಸುಳ್ಳು ಬೊಗಳ್ಬೇಡ.”

“ನಾನೇ ತಾತ. ತಮಾಷೆಗೆ.”

ಅವನು ಬಾಟಲಿಯನ್ನು ಕೆಳಗಿಟ್ಟು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಕ್ಕ, ಪ್ಯಾರಿಸಿಗೆ ಹೋದದ್ದು ಸಹಿಗಲ್ಲ. ಅಪ್ಪನ ಶ್ವಾಸಕೋಶದ ಚಿತ್ರ ತೆಗೆಸಲು. ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಬೇಸಗೆಯ ತನಕ ಎಂದರು. ಅಪ್ಪನಿಗೆ ಹೇಳದೆಯೇ ಗೊತ್ತಾಗಿದೆ. ಮೂರನೇ ಗ್ಲಾಸು ಸುಮ್ಮನೆ ಬಂದದ್ದಲ್ಲ. ನಿನ್ನ ಜೊತೆ ಅಮ್ಮನ ವೈನು ಕುಡಿಯಬೇಕು, ಆಮೇಲೆ ಹೋಗಬೇಕು, ಅಷ್ಟೇ ಅವರಿಗೆ ಉಳಿದಿರುವ ಆಸೆ. ಅದನ್ನು ನೀನು ಒದ್ದೆ ಬಟ್ಟೆಯಿಂದ ಒರೆಸಿ

ಇದನ್ನು ಅಂಚೆಗೆ ಹಾಕುವುದಿಲ್ಲ.


ಎಪೆರ್ನೇ
6 ಫೆಬ್ರವರಿ 1983

ಮಹಾರಾಣಿಯವರ ರಹಸ್ಯ ದಂಡಯಾತ್ರೆಗೆ ಪಾತಾಳದ ಸಮಸ್ತ ಪ್ರಜೆಗಳ ಪರವಾಗಿ ವಂದನೆಗಳು. ಬಾಟಲಿಗಳು ಗೊರಕೆ ಹೊಡೆಯುತ್ತಿವೆ.

ಒಂದೇ ಒಂದು ಕೋರಿಕೆ. ಮಲಗಿಸಿದ್ದು ನೀನೆಂದು ಅಪ್ಪನಿಗೆ ಯಾವತ್ತೂ ಹೇಳಬೇಡ, ಹನ್ನೆರಡರ ನಂತರವೂ. ಆ ಕೀರ್ತಿ ನನಗೆ ಬೇಕು. ಹುಟ್ಟಿದಾಗಿನಿಂದ ನಾನು ಈ ಮನೆಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ದಾಖಲೆಯಿಲ್ಲ. ನಿನಗೆ ಮೂರನೇ ಗ್ಲಾಸಿದೆ, ನನಗೆ ಇದಿರಲಿ. ಆಣೆ ಮಾಡು.

ತಿಬೋ


ಪೊಯ್ಯಾಕ್
11 ಫೆಬ್ರವರಿ 1983

ಆಣೆ. ತಗೋ ನಿನ್ನ ಕೀರ್ತಿ, ಭಿಕ್ಷುಕ. ಹನ್ನೆರಡಕ್ಕೆ ನೀಲಿ ಉಡುಪು ತೊಡಲೇ, ಬೂದು ಬಣ್ಣದ್ದೇ? ಅಪ್ಪನಿಗೆ ಯಾವುದು ಇಷ್ಟವೆಂದು ನನಗೆ ತಿಳಿಯದು.

ಇಜಾ


ಎಪೆರ್ನೇ
14 ಮಾರ್ಚ್ 1983

ತಿಬೋ,

ಈ ಕಾಗದವನ್ನು ನನ್ನದೇ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಅಲ್ಲಿ, ನಾನು ಇಲ್ಲಿ.

ಶನಿವಾರ ಬಾಗಿಲು ತೆರೆದವರು ಅಪ್ಪನೇ. ಕಪ್ಪು ಕೋಟು ನೇತುಹಾಕಿದ ಹಾಗಿತ್ತು, ಒಳಗೆ ಮನುಷ್ಯನಿಲ್ಲದ ಹಾಗೆ. ನನ್ನನ್ನು ನೋಡಿ “ಬಂದ್ಯಾ” ಎಂದರು. “ಬಂದೆ ಅಪ್ಪ” ಎಂದೆ. ಅಷ್ಟೇ. ಆಮೇಲೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಒಳಗೆ ಉಸಿರು ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿತ್ತು. ಸ್ವಲ್ಪ ಕೆಮ್ಮು ಎಂದು ಬರೆದಿದ್ದೆಯಲ್ಲ! ಡಾಕ್ಟರ ಬಾಯಿಂದ ನಾನು ಕೇಳಬೇಕಾಯಿತು.

ಮೇಜಿನ ಮೇಲೆ ಮೂರು ಗ್ಲಾಸು ತೊಳೆದಿಟ್ಟಿದ್ದವು. ನೀನಿಲ್ಲ.

“ತಿಬೋ ಎಲ್ಲಿ?”

“ನಿನ್ನ ಜಾಗಕ್ಕೆ ಕಳಿಸ್ದೆ. ಇನ್ನು ಅವನ ಹೆಸರೆತ್ತಬೇಡ.”

“ಕೆಳಗೆ ಹೋಗೋಣ್ವಾ ಅಪ್ಪ?”

“ಕೆಳಗೇನೂ ಇಲ್ಲ. ನಿಮ್ಮಮ್ಮಂದು ಏನೂ ಉಳಿದಿಲ್ಲ. ಅವನು ಮುಗಿಸ್ದ.”

ಹತ್ತನೇ ಸುರಂಗಕ್ಕೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಖಾಲಿ ಗ್ಲಾಸುಗಳ ಮುಂದೆ ಸಂಜೆಯವರೆಗೆ ಕೂತಿದ್ದೆವು.

ಯಾರಿಗೆ ಮಾರಿದೆ, ತಿಬೋ? ಪ್ಯಾರಿಸಿನ ಯಾವ ಹೋಟೆಲಿಗೆ? ನಿನ್ನ ಸಾಲಗಳು, ನಿನ್ನ ಗೆಳೆಯರು, ಎಲ್ಲ ನನಗೆ ಗೊತ್ತಿಲ್ಲವೇ? ಕೀರ್ತಿ ಬೇಕೆಂದು ಆಣೆ ಮಾಡಿಸಿಕೊಂಡೆಯಲ್ಲ, ಬಾಟಲಿಗಳು ಇರುವುದನ್ನು ನಾನು ಅಪ್ಪನ ಮುಂದೆ ಬಾಯಿಬಿಡಬಾರದೆಂದೇ ಅಲ್ಲವೇ? ನಾನು ಒಂದೊಂದನ್ನೂ ಒರೆಸಿ ಮಲಗಿಸಿದ್ದು ನಿನ್ನ ಗಿರಾಕಿಗಳಿಗಾಗಿಯೇ? ಅಪ್ಪನಿಗೆ ನಾನು ಮಲಗಿಸಿದ್ದನ್ನು ಹೇಳಲಿಲ್ಲ. ಆಣೆಗಾಗಿ ಅಲ್ಲ. ಇಲ್ಲದ ಬಾಟಲಿಯ ಮಾತೆತ್ತಿ ಗಾಯವನ್ನೇಕೆ ಕೆದಕಲಿ?

ಬಳ್ಳಿ ಚಿಗುರುವ ಹೊತ್ತು. ತೋಟವನ್ನಾದರೂ ನೋಡಿಕೋ. ಬೇರೆ ಯಾರೂ ಇಲ್ಲವೆಂದು ಕೇಳುತ್ತಿದ್ದೇನೆ.

ಇಜಾಲಿನ್


ಪೊಯ್ಯಾಕ್
22 ಮಾರ್ಚ್ 1983

ಅಕ್ಕ,

ಹೌದು, ಮಾರಿದೆ. ಹೋಟೆಲಿನ ಹೆಸರು ಕೇಳಬೇಡ. ಅದು ದೊಡ್ಡ ಹೋಟೆಲು, ಅದರ ಮಾನ ಕಾಪಾಡುವುದು ನನ್ನ ಕರ್ತವ್ಯ.

ಅಪ್ಪನಿಗೆ ಸೂಪಿಗೆ ಉಪ್ಪು ಕಡಿಮೆ ಹಾಕು, ಆದರೆ ಹಾಕಿದ್ದೇನೆ ಎಂದು ಹೇಳು. ರಾತ್ರಿ ದಿಂಬು ಎರಡಲ್ಲ, ಮೂರು. ಐದು ಗಂಟೆಗೆ ಮೇಜಿನಿಂದ ಏಳುವಾಗ “ಇವತ್ತೇನು ವಿಶೇಷ” ಎಂದು ಕೇಳಬೇಕು. ಉತ್ತರ ಕೊಡುವುದಿಲ್ಲ, ಆದರೂ ಕೇಳಬೇಕು.

ಇಲ್ಲಿ ನಿನ್ನ ನೆಲಮಾಳಿಗೆಯ ಮುದುಕ ನನ್ನನ್ನು ಮೊದಲ ದಿನವೇ ಹೊರಗೆ ಹಾಕಿದ. ಒಂದು ಬಾಟಲಿಯನ್ನು ಒರೆಸಿ ನೆಲದ ಮೇಲೆ ನಿಲ್ಲಿಸಿದ್ದೆ, ಅಷ್ಟೇ. “ಬಾಟ್ಲಿ ನಿಲ್ಲಿಸ್ತೀಯಾ? ಯಾವ ಊರೋ ನಿಂದು, ಹೆತ್ತೋರು ಹೇಳ್ಕೊಡ್ಲಿಲ್ವಾ?” ಎಂದ. ಸುತ್ತ ನೋಡಿದೆ. ಕಣ್ಣು ಹಾಯುವಷ್ಟು ದೂರ ಎಲ್ಲವೂ ಮಲಗಿದ್ದವು.

ಬಳ್ಳಿ ಕತ್ತರಿಸುವುದು ಮುಗಿಯಿತು.

ತಿಬೋ


ಎಪೆರ್ನೇ
2 ಜೂನ್ 1983

ತಿಬೋ,

ನಿನ್ನ ನಾಲ್ಕು ಕಾಗದ ಬಂದಿವೆ, ನಾನು ಉತ್ತರಿಸಲಿಲ್ಲ. ಈಗ ಬರೆಯುವುದೂ ಅಪ್ಪ ಹೇಳಿದ್ದಕ್ಕೆ.

ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದೇವೆ. ಕೋಟು ಈಗ ಹೊದಿಕೆಯ ಮೇಲೆ. ಮೂರು ದಿನದಿಂದ ಏನೂ ತಿಂದಿಲ್ಲ. ಬೆಳಿಗ್ಗೆ ನಾನು ಕೀರ್ತನೆ ಓದುತ್ತಿದ್ದಾಗ ಕೈ ಎತ್ತಿ ನಿಲ್ಲಿಸಿದರು.

“ಅವನಿಗೆ ಬರಿ.”

“ಏನಂತ ಅಪ್ಪ?”

“ಅವನು ನಡೆಯೋದು ಕಲ್ತಿದ್ದೇ ಆ ನೆಲಮಾಳಿಗೇಲಿ. ಗೊತ್ತಿಲ್ದೆ ಮಾಡಿದ್ರೆ ಅವತ್ತೇ ಕ್ಷಮಿಸ್ತಿದ್ದೆ, ಇಜಾ. ಗೊತ್ತಿಲ್ದೋರು ಯಾರು ಮಾಡಿದ್ರೂ ಕ್ಷಮಿಸ್ತಿದ್ದೆ. ಅವನು ಗೊತ್ತಿದ್ದೂ ಮಾಡ್ದ. ಯಾಕೆ ಅಂತ ಒಂದು ಸಾಲು ಬರೀಲಿ. ಬರೆದು, ಬರಲಿ. ಬರೀದೆ ಬರಬಾರದು.”

ಮಾರುವುದು ಗೊತ್ತಿಲ್ಲದೆ ಮಾಡುವ ಕೆಲಸವೇ? ನನಗೆ ಅರ್ಥವಾಗಲಿಲ್ಲ, ಜ್ವರದ ಮಾತಿರಬೇಕು. ಆದರೆ ನಿನ್ನನ್ನು ಕೇಳುತ್ತಿದ್ದಾರೆ. ಬಾಗಿಲಿನ ಕಡೆಗೇ ನೋಡುತ್ತಾರೆ. ಒಂದು ಸಾಲು, ತಿಬೋ. ನಿಜವಾದದ್ದು. ಬೇಗ.

ಇಜಾಲಿನ್


ಪೊಯ್ಯಾಕ್
6 ಜೂನ್ 1983

ಅಕ್ಕ,

ನಿನ್ನ ಕಾಗದ ಈಗ ಬಂತು. ಅಂಚೆಯವನ ಮುಂದೆಯೇ ಓದಿ, ಅವನನ್ನು ಕಾಯಿಸಿಕೊಂಡು ಬರೆಯುತ್ತಿದ್ದೇನೆ.

ನಾನು ಮಾರಲಿಲ್ಲ. ಬಾಟಲಿಗಳೆಲ್ಲ ಬೀಗದ ಹಿಂದೆ ನೀನು ಇಟ್ಟ ಹಾಗೇ ಇವೆ. ಫೆಬ್ರವರಿ ಐದರಂದು ಬರೆದು ಅಂಚೆಗೆ ಹಾಕದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಕೂತುಕೊಂಡು ಓದು. ಒಬ್ಬಳೇ ಇರುವಾಗ ಓದಬೇಡ, ತಾತನನ್ನು ಕರೆಸಿಕೋ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಅಪ್ಪ, ಮರುದಿನಕ್ಕೊಂದು ಬಾಟಲಿ ಆರಿಸಲು ಕೆಳಗಿಳಿದರು. ಮೇಲೆ ಬರಲು ಅರ್ಧ ಗಂಟೆ ಹಿಡಿಯಿತು. “ಯಾರು?” ಎಂದರು. “ನಾನು” ಎಂದೆ. “ಯಾಕೆ?” “ತಮಾಷೆಗೆ.” ಅವರು “ತಮಾಷೆಗೆ” ಎಂದು ನನ್ನ ಮಾತನ್ನೇ ಮತ್ತೆ ಹೇಳಿದರು, ಪರಭಾಷೆಯ ಪದ ಕಲಿಯುವವರ ಹಾಗೆ. ಮರುದಿನ ನೀನು ಬರುವವಳಿದ್ದೆ. ನೀನೆಂದು ಹೇಳಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ ಎಂದುಕೊಂಡೆ. ಅಪ್ಪನನ್ನು ಅಷ್ಟು ಸಣ್ಣವರೆಂದು ತಿಳಿದದ್ದು ನನ್ನ ತಪ್ಪು. ಗೊತ್ತಿಲ್ಲದವರು ಯಾರು ಮಾಡಿದ್ದರೂ ಕ್ಷಮಿಸುತ್ತಿದ್ದರಂತೆ. ನಾಲ್ಕು ತಿಂಗಳು ಆ ಮಾತು ಕೇಳಲು ನಾನು ಅವಕಾಶವನ್ನೇ ಕೊಡಲಿಲ್ಲ.

ಅವರಿಗೆ ಓದಿ ಹೇಳು. ನಿನ್ನ ತಪ್ಪೇನೂ ಇಲ್ಲ. ನಾನು ಬರೆದದ್ದನ್ನು ನೀನು ನಂಬಿದೆ, ಅಷ್ಟೇ. ಶುಕ್ರವಾರದ ರೈಲಿಗೆ ಬರುತ್ತೇನೆ, ಅಷ್ಟರೊಳಗೆ ಇದು ತಲುಪಿರುತ್ತದೆ.

ತಿಬೋ


ಎಪೆರ್ನೇ
8 ಜೂನ್ 1983, ಬೆಳಿಗ್ಗೆ

ತಿಬೋ,

ಅಪ್ಪ ಭಾನುವಾರ ಮಧ್ಯಾಹ್ನ ಹೋದರು. ನಿನ್ನೆ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ನಿನಗೆ ತಂತಿ ಕೊಡದಿದ್ದುದಕ್ಕೆ ನನ್ನ ಮೇಲೆ ಸಿಟ್ಟಾಗಬೇಡ. ಬರೆಯದೆ ಬರಬಾರದು ಎನ್ನುವುದು ಅವರ ಮಾತಾಗಿತ್ತು, ಶನಿವಾರದವರೆಗೂ ದಿನಕ್ಕೆರಡು ಸಲ “ಅಂಚೆ ಬಂತಾ” ಎಂದು ಕೇಳಿದರು. ಭಾನುವಾರ ಕೇಳಲಿಲ್ಲ.

ಮಣ್ಣಿಗೆ ಬ್ಯಾಂಕಿನವರು ಮೂವರು ಬಂದಿದ್ದರು. ಒಲೋಜ್ ತಾತ ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. ಮಾತಾಡಿಸಿದರೆ ತಲೆ ತಗ್ಗಿಸಿ ಹೊರಟುಹೋದ. ಅವನಿಗೂ ನಿನ್ನ ಮೇಲಿನ ಕೋಪ ಇಳಿದಿಲ್ಲ.

ನನಗೆ ಇಳಿದಿದೆ. ಇಷ್ಟು ದಿನ ಸಿಟ್ಟಿನಿಂದಲೇ ಎದ್ದು ಸಿಟ್ಟಿನಿಂದಲೇ ಮಲಗುತ್ತಿದ್ದೆ, ಈಗ ಹುಡುಕಿದರೂ ಸಿಗುತ್ತಿಲ್ಲ. ಇಬ್ಬರೇ ಉಳಿದೆವಲ್ಲ. ನೀನು ಬಾ. ಏನೂ ಕೇಳುವುದಿಲ್ಲ.

ಶನಿವಾರ ಅಪ್ಪ ನನ್ನ ಕೈ ಹಿಡಿದು, “ನಿಮ್ಮಮ್ಮನ ವೈನಿಗೆ ಕೇಡು ಮಾಡದವಳು ನೀನೊಬ್ಬಳೇ ಕಣೇ. ನಾನೂ ಮಾಡ್ದೆ, ವರ್ಷಕ್ಕೊಂದು ಕುಡಿದು ಮುಗಿಸ್ತಾ ಬಂದೆ” ಎಂದರು. ನನ್ನ ಬಾಯಿ ತುದಿಗೆ ಬಂತು: ಅಪ್ಪ, ನಾನು ಅವನ್ನು ನೋಡಿಕೊಂಡೆ, ಎರಡು ದಿನ ಒಬ್ಬಳೇ ಕೂತು ನೋಡಿಕೊಂಡೆ ಎಂದು. ನಿನಗೆ ಕೊಟ್ಟ ಆಣೆ ನೆನಪಾಗಿ ನುಂಗಿಕೊಂಡೆ. ಪರವಾಗಿಲ್ಲ. ಹೇಳದಿದ್ದರೂ ಅದು ನನ್ನದೇ. ಬ್ಯಾಂಕು ಹೋಯಿತು, ಈ ಮನೆಯೂ ಸೆಪ್ಟೆಂಬರಿಗೆ ಮಾರಾಟವಾಗಿ ಯಾರದೋ ಆಗುತ್ತದೆ, ಬಾಟಲಿಗಳು ಯಾವ ಹೋಟೆಲಿನಲ್ಲೋ ಖಾಲಿಯಾದವು. ಆದರೆ ಅಪ್ಪ, ಅಮ್ಮ ಇಬ್ಬರಿಗೂ ನಾನು ಕೇಡು ಮಾಡಲಿಲ್ಲ ಎನ್ನುವ ಒಂದನ್ನು ಹಿಡಿದುಕೊಂಡು ಮೂರು ದಿನದಿಂದ ನಡೆಯುತ್ತಿದ್ದೇನೆ. ಅದಿಲ್ಲದಿದ್ದರೆ ಎಲ್ಲಿ ಬೀಳುತ್ತಿದ್ದೆನೋ.

ಅಂಚೆಯವನು ಗೇಟಿನಲ್ಲಿದ್ದಾನೆ. ಬಂದ ಮೇಲೆ ಇದನ್ನೇ ಅವನ ಕೈಗೆ ಕೊಡುತ್ತೇನೆ.

ನಿನ್ನದೇ ಲಕೋಟೆ. ಎಷ್ಟು ದಪ್ಪಗಿದೆ! ಒಂದು ಸಾಲು ಕೇಳಿದರೆ ಇಷ್ಟು ಬರೆದಿದ್ದೀಯಲ್ಲೋ. ಅಂಚೆಯವನಿಗೆ ಒಂದು ಕಾಫಿ ಕೊಟ್ಟು ಕೂರಿಸಿದ್ದೇನೆ. ತಡೆ, ಓದಿ ಇದನ್ನು ಮುಗಿಸುತ್ತೇನೆ.